ಬೀಟ್ ಹವಾಲ್ದಾರ ಬದಲಿ ಆದ್ರ ಓಣಿ ಬಾಯಿ ಮುಚ್ಚತೈತಿ

ಗದಗ ಮಗ್ಗಲದ ಬೆಟಗೇರ್ಯಾಗ ನಂದೊಂದು ಝೆರಾಕ್ಸ್ ಅಂಗಡಿ ಐತಿ, ಜೋಡಿಗೆ ಡಿಟಿಪಿ, ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟ್, ಬಾಂಡ್ ಪೇಪರ್ ಟೈಪಿಂಗ್ ಎಲ್ಲಾ ಮಾಡ್ತೀನಿ. ಸ್ಟೇಶನ್ನಿಗೆ ಕೊಡೂ ಕಂಪ್ಲೇಂಟ್ ಅರ್ಜಿನೂ ಮಂದಿ ನನ್ನ ಕಡೆನ ಬರಸ್ತಾರ, ಹಿಂಗಾಗಿ ಊರಿನ ಜಗಳ ಫೌಜದಾರರ ಟೇಬಲ್ ಮುಟ್ಟೂಕಿಂತ ಮೊದಲ ನನ್ನ ಕೌಂಟರ್ ಮ್ಯಾಲೆ ಬಂದು ಬೀಳ್ತಾವ. ಅತ್ತಾಗ ಪೊಲೀಸ್ನೋರೂ ಇಲ್ಲೇ ಬರ್ತಾರ, ಕೋರ್ಟಿಗೆ ಕೊಡೂ ಕಾಗದದ ಸೆಟ್ ಮಾಡಸಾಕ. ಫಿರ್ಯಾದಿ ಕೊಡಾಕ ಬಂದಾಂವ ಮತ್ತ ಅದನ್ನ ತಗೊಳ್ಳೂ ಹವಾಲ್ದಾರ ಇಬ್ಬರೂ ಒಂದ ಬೆಂಚಿನ ಮ್ಯಾಲೆ ಕುಂತು ಕರೆಂಟ್ ಬರೂದನ್ನ ಕಾಯ್ದದ್ದೂ ಐತಿ. ನಾನು ನಮ್ಮ ಏರಿಯಾದ ಬೀಟ್ ಸಮಿತಿ ಮೆಂಬರ್ ಸೈತ. ಈ ಎರಡೂ ಕಡೆಯಿಂದ ನೋಡಿ ನನಗ ಅನಿಸಿದ್ದನ್ನ ಭಾಳ ದಿವಸದಿಂದ ಬರೀಬೇಕು ಅಂತಿದ್ದೆ.

ಹೇಳೂದು ಒಂದ ಮಾತು. ಒಬ್ಬ ಬೀಟ್ ಪೊಲೀಸ್ ಒಂದ ಓಣ್ಯಾಗ ಎರಡು ಮೂರು ವರ್ಷ ನಿಂತ್ರ ಮಾತ್ರ ಮಂದಿ ಅವನ ಮುಂದ ಬಾಯಿ ಬಿಡ್ತಾರ, ಅವನನ್ನ ನಿಲ್ಲಾಕ ಬಿಡದ ಸಭೆ ಮಾಡಿ, ಬೋರ್ಡ್ ಹಚ್ಚಿ, ಗ್ರೂಪ್ ಮಾಡಿದ್ರ ಏನೂ ಬರಂಗಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಮೊದಲ ಬೀಟ್ ಅಂದ್ರ ರಾತ್ರಿ ಸೀಟಿ ಊದಕೊಂತ ತಿರುಗೂದು, ಬ್ಯಾಂಕು, ಎಟಿಎಂ, ಗುಡಿ ಮುಂದ ತೂಗ ಹಾಕಿದ್ದ ಪುಸ್ತಕಕ್ಕ ಸಹಿ ಮಾಡೂದು, ಇಷ್ಟ. 2017ರಾಗ ಆರ್.ಕೆ. ದತ್ತಾ ಅವರು ಡಿಜಿಪಿ, ಅಂದ್ರ ರಾಜ್ಯದ ಪೊಲೀಸ್ ಮುಖ್ಯಸ್ಥರು, ಇದ್ದಾಗ ಕರ್ನಾಟಕದಾಗ ಹೊಸ ಬೀಟ್ ವ್ಯವಸ್ಥೆ ಬಂತು. ಸ್ಟೇಶನ್ ಹದ್ದಿನ ಏರಿಯಾ ಹಂಚಿ ಒಬ್ಬೊಬ್ಬ ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್‌ಗೆ ಒಂದೊಂದು ಬೀಟ್ ಕೊಟ್ರು, ಆ ಏರಿಯಾದ ಸಮನ್ಸು, ವಾರಂಟು, ಪಾಸ್‌ಪೋರ್ಟ್ ವೆರಿಫಿಕೇಶನ್ನು, ಹಳೇ ರೌಡಿ ಶೀಟರ್ ಏನ್ ಮಾಡಾಕತ್ತಾನ ನೋಡೂದು, ಎಲ್ಲಾ ಅವನ ಜವಾಬ್ದಾರಿ, ಜೋಡಿಗೆ ಓಣಿ ಮಂದೀದೊಂದು ಸಮಿತಿ. ಆಮ್ಯಾಲೆ 2025ರ ಜುಲೈನಾಗ ಗೃಹ ಸಚಿವರಾದ ಜಿ. ಪರಮೇಶ್ವರ ಅವರು ‘ಮನೆ ಮನೆಗೆ ಪೊಲೀಸ್’ ಅಂತ ಶುರು ಮಾಡಿದ್ರು, ಮಂದಿ ಸ್ಟೇಶನ್ನಿಗೆ ಬರೂದಲ್ಲ, ಪೊಲೀಸ್ನೋರ ಮನಿಗೆ ಹೋಗಿ ತ್ರಾಸೇನೈತಿ ಕೇಳಬೇಕು ಅಂತ. ವಿಚಾರ ಎರಡೂ ಚಲೋ ಅದಾವ. ನಾನು ಮನಸಾರೆ ಒಪ್ತೀನಿ. ತ್ರಾಸ ಬರೂದು ನಮ್ಮ ಓಣಿ ಒಳಗ ಕಾಲಿಟ್ಟಮ್ಯಾಲೆ.

ನಮ್ಮ ಕಡೆ ಖಾಕಿ ಹಾಕ್ಕೊಂಡಾಂವ ಒಬ್ಬ ಮನಿ ಮುಂದ ನಿಂತ್ರ ಸಾಕು, ಎದುರಿಗಿನ ಮನಿ ಮಾಳಿಗಿ ಮ್ಯಾಲಿಂದ ನಾಕು ಮಂದಿ ನೋಡ್ತಾರ. ಅವ ಹೋದಮ್ಯಾಲೆ ‘ಏನ್ರೀ, ಪೊಲೀಸ್ನೋರು ಯಾಕ ಬಂದಿದ್ರು?’ ಅಂತ ಕೇಳಾಕ ಬರ್ತಾರ. ಸುಮ್ನ ವಿಚಾರಸಾಕ ಬಂದಿದ್ರು ಅಂದ್ರ ಯಾರೂ ನಂಬಂಗಿಲ್ಲ. ಮದುವಿ ವಯಸ್ಸಿನ ಮಗಳು ಮನ್ಯಾಗಿದ್ರಂತೂ ಮುಗೀತು, ಆ ಅವ್ವ ಬಾಗಲದಾಗ ನಿಂತ ‘ನಮ್ಮಲ್ಲೇನೂ ಇಲ್ರಿ, ಎಲ್ಲಾ ಆರಾಮ ಅದೀವ್ರಿ’ ಅಂದು ಕಳಸ್ತಾಳ. ಆಕಿದೇನು ತಪ್ಪಿಲ್ಲ. ಇಷ್ಟ ವರ್ಷ ಪೊಲೀಸ್ನೋರು ಮನಿಗೆ ಬಂದದ್ದು ಕೆಟ್ಟ ಸುದ್ದಿ ತಗೊಂಡ, ಇಲ್ಲಾಂದ್ರ ಯಾರನ್ನರ ಕರಕೊಂಡು ಹೋಗಾಕ. ಒಂದು ಕಾರ್ಯಕ್ರಮದಿಂದ ಅದು ಹೋಗಂಗಿಲ್ಲ, ಅದ ಮನಶ್ಯಾ ಮತ್ತ ಮತ್ತ ಬಂದು ಏನೂ ಕೇಡು ಮಾಡದ ಹೋದ್ರ ಹೋಗತೈತಿ.

ಈಗ ಮತ್ತೊಂದು ಹೊಸಾ ತ್ರಾಸು ಸೇರೇತಿ, ಡಿಜಿಟಲ್ ಅರೆಸ್ಟ್ ಅಂತ ಮೋಸ ಮಾಡೂ ಫೋನು. ಪೊಲೀಸ್ ಡ್ರೆಸ್ಸಿನ್ಯಾಗ ವಿಡಿಯೋ ಕಾಲ್ ಮಾಡಿ ಹೆದರಿಸಿ ರೊಕ್ಕ ಹಾಕಸ್ಕೊಂತಾರಲ್ಲ, ಅದು. ನಮ್ಮ ಬೀಟ್ ಹವಾಲ್ದಾರರ ಓಣಿ ಓಣಿ ತಿರುಗಿ ‘ಪೊಲೀಸ್ ಅಂತ ಯಾರರ ಫೋನ್ ಮಾಡಿದ್ರ ಕಟ್ ಮಾಡ್ರಿ, ರೊಕ್ಕ ಹೋದ್ರ ತಡಾ ಮಾಡದ 1930ಕ್ಕ ಫೋನ್ ಹಚ್ಚರಿ’ ಅಂತ ಹೇಳಿದ್ರು. ಮಂದಿ ಹೇಳಿದ್ದು ಕೇಳ್ಯಾರ. ಈಗ ಇವರ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಫೋನ್ ಮಾಡಿ ‘ನಾನು ಪೊಲೀಸ್ ಸ್ಟೇಶನ್ನಿಂದ ಮಾತಾಡಾಕತ್ತೇನಿ’ ಅಂದ ಕೂಡ್ಲೆ ಕಟ್. ಒಬ್ಬ ರಿಟಾಯರ್ಡ್ ಮಾಸ್ತರು ನನ್ನ ಅಂಗಡಿಗೆ ಬಂದು ‘ತಮ್ಮಾ, ಈ ನಂಬರ್ ಖರೇನ ನಮ್ಮ ಸ್ಟೇಶನ್ನಿಂದ ಏನು ನೋಡು’ ಅಂತ ಮೊಬೈಲ್ ಕೊಟ್ರು. ನಾ ನೋಡಿ ಹೂಂ ಅಂದಮ್ಯಾಲೆ ಮಾತಾಡಿದ್ರು. ಅವ್ರು ಮಾಡಿದ್ದು ಬರೋಬ್ಬರಿ ಐತಿ, ಎಲ್ಲಾರೂ ಹಂಗ ಮಾಡಬೇಕು. ಆದ್ರ ಇದೂ ಅದನ್ನ ಹೇಳತೈತಿ, ನಂಬಿಕಿ ಅನ್ನೂದು ಫೋನಿನ್ಯಾಗ ಹುಟ್ಟಂಗಿಲ್ಲ, ಮಾರಿ ಗುರ್ತು ಇರಬೇಕು.

ಈಗ ಮೀಟರ್ ಬಡ್ಡಿ ವಿಷಯಕ್ಕ ಬರ್ತೀನಿ, ಯಾಕಂದ್ರ ನಮ್ಮ ಊರಾಗ ಬೀಟ್ ಪೊಲೀಸ್ ಕೆಲಸ ಎಷ್ಟ ತ್ರಾಸಿಂದು ಅನ್ನೂದು ಇದ್ರಾಗ ಕಂಡಷ್ಟು ಮತ್ತೆಲ್ಲೂ ಕಾಣಂಗಿಲ್ಲ. ಬೆಟಗೇರಿ ನೇಕಾರರ ಊರು. ಸಾವಕಾರ ನೂಲು ಕೊಡ್ತಾನ, ಸೀರಿ ನೇಯ್ದು ಕೊಟ್ರ ಕೂಲಿ. ಸೀರಿ ಮಾರಾಟ ಇಲ್ಲದ ತಿಂಗಳದಾಗ ಮಗ್ಗ ನಿಂತ್ರ, ಇಲ್ಲಾ ಮನ್ಯಾಗ ಯಾರಿಗರ ದವಾಖಾನಿ ಖರ್ಚು ಬಂದ್ರ, ಬ್ಯಾಂಕಿನ್ಯಾಗ ಸಾಲ ಹುಟ್ಟೂದಿಲ್ಲ, ಓಣಿ ತುದಿಗೆ ಇರೂ ಬಡ್ಡಿಯವನ ಹತ್ರ ಹೋಗ್ತಾರ. ನೂರಕ್ಕ ತಿಂಗಳಿಗೆ ಹತ್ತು ರೂಪಾಯಿ ಅಂದ್ರ ವರ್ಷಕ್ಕ ನೂರಿಪ್ಪತ್ತಾತು. ನಮ್ಮ ರಾಜ್ಯದಾಗ ಲೈಸೆನ್ಸ್ ಇದ್ದ ಲೇವಾದೇವಿಯವರು ಒತ್ತಿ ಇಲ್ಲದ ಸಾಲಕ್ಕ ವರ್ಷಕ್ಕ 16 ಪರ್ಸೆಂಟ್ ಮ್ಯಾಲೆ ತಗೊಳ್ಳಂಗಿಲ್ಲ, 2004ರಿಂದ ಮಿತಿಮೀರಿ ಬಡ್ಡಿ ವಸೂಲಿ ಮಾಡೂದರ ವಿರುದ್ಧ ಬ್ಯಾರೆ ಕಾಯ್ದೇನ ಐತಿ. ಇದು ಎಷ್ಟ ಮಂದಿಗೆ ಗೊತ್ತು? ರೊಕ್ಕ ಕೊಡೂಮುಂದ ಮೊದಲನೇ ತಿಂಗಳ ಬಡ್ಡಿ ಮುರಕೊಂಡ ಕೊಡ್ತಾರ, ಖಾಲಿ ಚೆಕ್ ಮ್ಯಾಲೆ ಸಹಿ, ಖಾಲಿ ಬಾಂಡ್ ಮ್ಯಾಲೆ ಸಹಿ, ಗಾಡಿ ಆರ್‌ಸಿ ಎಲ್ಲಾ ತಗೊಂಡಿರ್ತಾರ. ಆ ಖಾಲಿ ಚೆಕ್ಕೇ ದೊಡ್ಡ ಹೆದರಿಕಿ. ಕಂಪ್ಲೇಂಟ್ ಕೊಟ್ರ ನಾಳೆ ಅದ್ರಾಗ ಲಕ್ಷಗಟ್ಟಲೆ ಬರದು ಬ್ಯಾಂಕಿಗೆ ಹಾಕಿ ಬೌನ್ಸ್ ಮಾಡಿಸಿ ಚೆಕ್ ಬೌನ್ಸ್ ಕೇಸ್ ಹಾಕ್ತಾರ, ಕೋರ್ಟಿಗೆ ಅಲೆಯೂದು ಸಾಲಾ ತಗೊಂಡವರ.

ಹಿಂಗ ಒಬ್ಬಾಕಿ ಹೆಣ್ಮಗಳ ಕಥಿ, ಗುರ್ತು ಸಿಗಬಾರ್ದಂತ ಒಂದೆರಡು ವಿವರ ಬದಲಿ ಮಾಡೇನಿ. ಗಂಡ ತೀರಿಕೊಂಡಾನ, ಸಾಲ ಅವಂದು, ವಸೂಲಿ ಈಕೀದು. ಶನಿವಾರಕ್ಕೊಮ್ಮೆ ಬಡ್ಡಿಯವನ ಕಡೆ ಹುಡುಗ ಬಂದು ಮಗ್ಗದ ಕುಣಿ ಮುಂದ ನಿಂತ ಬಿಡತಿದ್ದ, ಬೈತಿದ್ದಿಲ್ಲ, ಹೊಡಿತಿದ್ದಿಲ್ಲ, ರೊಕ್ಕ ಕೈಗೆ ಬರೂಮಟ ನಿಂದ್ರತಿದ್ದ. ಒಮ್ಮೆ ನನ್ನ ಹತ್ರ ಬಂದು ಅರ್ಜಿ ಟೈಪ್ ಮಾಡಸಿದ್ಲು, ಪ್ರಿಂಟ್ ತಗದು ಕೊಟ್ಟೆ, ಓದಿಸ್ಕೊಂಡು ಕೇಳಿದ್ಲು, ಅಲ್ಲೇ ನಿಂತು ನಾಕು ತುಂಡು ಮಾಡಿ ‘ಬ್ಯಾಡ ಅಣ್ಣಾ, ಅದ ಓಣ್ಯಾಗ ಇರಬೇಕು ನಾನು’ ಅಂದು ಟೈಪಿಂಗ್ ರೊಕ್ಕ ಇಟ್ಟು ಹೋದ್ಲು. ರೊಕ್ಕ ವಾಪಸ್ ಕೊಡಾಕ ಹೋದ್ರ ತಗೊಳ್ಳಲಿಲ್ಲ.

ಆಗ ನಮ್ಮ ಬೀಟಿಗೆ ಇದ್ದ ಹವಾಲ್ದಾರರು ವಯಸ್ಸಾದವರು, ಮಾತು ಕಡಿಮಿ. ಆ ಓಣ್ಯಾಗ ಒಂದು ಚಾದಂಗಡಿ ಕಟ್ಟಿ ಐತಿ, ದಿನಾ ಮಧ್ಯಾಹ್ನ ಅಲ್ಲಿ ಟೋಪಿ ತಗದು ಮಗ್ಗಲಕಿಟ್ಟು ಕುಂದ್ರತಿದ್ರು. ಯಾರಿಗೂ ಏನೂ ಕೇಳತಿದ್ದಿಲ್ಲ. ನೂಲು ರೇಟ್ ಹೆಂಗೈತಿ, ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ್ನೇನು, ಇಂಥಾ ಮಾತು. ಭಾಳ ದಿನಾ ಆದಮ್ಯಾಲೆ ಆಕಿನ ಒಂದಿನ ಕಟ್ಟಿ ಹತ್ರ ನಿಂತು, ಅವರ ಕಡೆ ನೋಡದನ, ‘ಸಾಹೇಬ್ರ, ಖಾಲಿ ಚೆಕ್ ಕೊಟ್ಟಿದ್ರ ಏನಾಗ್ತೈತ್ರೀ?’ ಅಂದ್ಲಂತ. ಅವ್ರೂ ಆಕಿ ಕಡೆ ನೋಡದ, ಚಾ ಕುಡಕೊಂತನ, ಚೆಕ್ ಖಾಲಿ ಇದ್ದದ್ದು, ಯಾವಾಗ ಕೊಟ್ಟದ್ದು, ನಂಬರ್ ಗೊತ್ತಿದ್ರ ನಂಬರು, ಎಲ್ಲಾ ಅರ್ಜ್ಯಾಗ ಬರದ್ರ ನಾಳೆ ಆ ಚೆಕ್ ಕೋರ್ಟಿಗೆ ಬಂದಾಗ ನಿನ್ನ ಕಡೆ ಒಂದು ದಾಖಲೆ ಇರತೈತಿ ಯವ್ವಾ ಅಂತ ಹೇಳ್ಯಾರ. ಇದನ್ನ ಆಮ್ಯಾಲೆ ಅವರ ನನ್ನ ಮುಂದ ಹೇಳಿದ್ರು. ನನ್ನ ಕೇಳಿದ್ರ ಜನಸ್ನೇಹಿ ಪೊಲೀಸ್ ಅಂದ್ರ ಆ ಕಟ್ಟಿ ಮ್ಯಾಲಿನ ಐದು ನಿಮಿಷ.

ಅದ ಟೈಮಿನ್ಯಾಗ ನಮ್ಮ ಬೀಟ್ ಸಭೆನೂ ಆತು. ಸಮುದಾಯ ಭವನದಾಗ ಕುರ್ಚಿ ಹಾಕಿದ್ರು, ಬ್ಯಾನರ್ ಕಟ್ಟಿದ್ರು. ಮೊದಲನೇ ಸಾಲಿನ ಕುರ್ಚ್ಯಾಗ ಯಾರು ಕುಂತಿದ್ರು ಗೊತ್ತೇನ್ರೀ, ಆಕಿ ಗಂಡಗ ಸಾಲಾ ಕೊಟ್ಟಾಂವ. ಬಿಳೇ ಅಂಗಿ, ಹೆಗಲ ಮ್ಯಾಲೆ ಶಾಲು. ಅವನೂ ಸಮಿತಿ ಮೆಂಬರ್ ಅದಾನ. ಯಾಕಂದ್ರ ಮೆಂಬರ್ ಮಾಡೂಮುಂದ ‘ಊರಾಗ ನಾಕು ಮಂದಿ ಗುರ್ತು ಇದ್ದವರು ಯಾರು’ ಅಂತ ಕೇಳ್ತಾರ, ನಾಕು ಮಂದಿ ಗುರ್ತು ಇದ್ದವರು ಇಂಥವರ ಇರ್ತಾರ, ಸೈಟಿನ ವ್ಯವಹಾರದವರು, ಪಾರ್ಟಿ ಪುಢಾರಿಗಳು, ಬಡ್ಡಿಯವರು. ನೇಯೂ ಹೆಣ್ಮಗಳಿಗೆ ಮಧ್ಯಾಹ್ನ ಸಭೆಗೆ ಬಂದ್ರ ಒಂದು ದಿನದ ಕೂಲಿ ಹೋಗತೈತಿ. ಬಂದ್ರೂ ಅವನ ಮುಂದ ಏನು ಮಾತಾಡ್ತಾಳ? ‘ಯಾರದರ ಏನರ ತಕರಾರು ಇದ್ರ ಹೇಳ್ರಿ’ ಅಂದಾಗ ಬೀದಿದೀಪ, ಹಂದಿ ಕಾಟ, ಬೈಕ್ ವ್ಹೀಲಿಂಗ್ ಇಷ್ಟ ಬಂತು. ಎಲ್ಲಾ ಬರಕೊಂಡ್ರು. ಬೀದಿದೀಪ ನಗರಸಭೆ ಕೆಲಸ.

ಮುಂದ ಏನಾತು ಅಂದ್ರ ಡಿಸೆಂಬರ್ ಬಂತು. ಡಿಸೆಂಬರ್ ಬಂದ್ರ ಬೆಳಗಾವಿ ಸುವರ್ಣಸೌಧದಾಗ ಅಧಿವೇಶನ, ಸುತ್ತಲಿನ ಜಿಲ್ಲಾದಿಂದೆಲ್ಲಾ ಬಂದೋಬಸ್ತಿಗೆ ಪೊಲೀಸ್ನೋರನ್ನ ಕಳಸ್ತಾರ, ನಮ್ಮ ಹವಾಲ್ದಾರರೂ ಹೋದ್ರು. ಇದೊಂದ ಅಲ್ಲ. ಗಣಪತಿ ಐದನೇ ದಿನ, ಏಳನೇ ದಿನ, ಒಂಬತ್ತನೇ ದಿನ, ಹನ್ನೊಂದನೇ ದಿನ, ಹುಬ್ಬಳ್ಳಿ ಮೆರವಣಿಗಿಗೆ ಇಲ್ಲಿಂದ ಕರಸ್ತಾರ, ಮೊಹರಂ, ಈದ್, ತೋಂಟದಾರ್ಯ ಮಠದ ಜಾತ್ರಿ, ಮಂತ್ರಿ ಬಂದ್ರು, ಎಲೆಕ್ಷನ್ ಬಂತು, ಎಲ್ಲದಕ್ಕೂ ಅದ ಬೀಟಿನ ಮಂದೀನ ಕಿತ್ತ ತಗೊಂಡು ಹೋಗೂದು. ಬಂದೋಬಸ್ತ್ ಬ್ಯಾಡ ಅಂತ ನಾ ಅನ್ನಾಕತ್ತಿಲ್ಲ, ಬೇಕ ಬೇಕು. ಆದ್ರ ಬೀಟ್ ಪುಸ್ತಕದಾಗ ಹೆಸರು ಇದ್ದಾಂವ ತಿಂಗಳದಾಗ ಎಷ್ಟ ದಿನ ಬೀಟಿನ್ಯಾಗ ಇದ್ದ ಅಂತ ಯಾರರ ಲೆಕ್ಕಾ ಇಡ್ತಾರೇನು? ಬಂದೋಬಸ್ತ್ ಮುಗಿಸಿ ರಾತ್ರೆಲ್ಲಾ ಬಸ್ಸಿನ್ಯಾಗ ಬಂದು, ಮುಂಜಾನೆ ಕೋರ್ಟ್ ಡ್ಯೂಟಿ, ಮಧ್ಯಾಹ್ನ ಸಮನ್ಸ್ ಜಾರಿ. ಅವರ ಟಿಫಿನ್ ಡಬ್ಬಿ ಸಂಜಿ ಐದರ ಸುಮಾರು ನನ್ನ ಅಂಗಡಿ ಒಳಗ ತಗಿಯೂದನ್ನ ನಾ ಕಣ್ಣಾರೆ ನೋಡೇನಿ, ಅನ್ನ ಹಳಸಿರ್ತಿತ್ತು, ಮೊಸರಷ್ಟ ಉಂಡು ಡಬ್ಬಿ ಮುಚ್ಚತಿದ್ರು.

ಬೆಳಗಾವಿಯಿಂದ ವಾಪಸ್ ಬರೂದ್ರಾಗ ಅವರ ಬೀಟ್ ಬದಲಿ ಆಗಿತ್ತು. ಅದ ಸ್ಟೇಶನ್, ಬ್ಯಾರೆ ಏರಿಯಾ. 2006ರಾಗ ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಕೇಸಿನ್ಯಾಗ ಠಾಣೆ ಸಾಹೇಬ್ರಿಂದ ಹಿಡದು ಎಸ್ಪಿ ಮಟ ಒಂದ ಜಾಗಾದಾಗ ಕನಿಷ್ಠ ಎರಡು ವರ್ಷ ಇಡ್ರಿ ಅಂತ ಹೇಳೇತಿ, ಆ ಪ್ರಕಾಶ್ ಸಿಂಗ್ ಅವರು ಸ್ವತಃ ಉತ್ತರ ಪ್ರದೇಶದ ಡಿಜಿಪಿ ಆಗಿದ್ದವರು, ಒಳಗಿನ ಕಷ್ಟಾ ಗೊತ್ತಿದ್ದಾಂವರು. ಆದ್ರ ಆ ಮಾತು ಸಾಹೇಬ್ರಿಗೆ. ಕಾನ್‌ಸ್ಟೇಬಲ್, ಹವಾಲ್ದಾರರ ಬೀಟ್ ಬದಲಿ ಮಾಡಾಕ ಸ್ಟೇಶನ್ನಿನ ಡ್ಯೂಟಿ ಪುಸ್ತಕದಾಗ ಒಂದು ಗೆರಿ ಬರದ್ರ ಮುಗೀತು. ಓಣಿ ಮಂದಿಗೆ ಸಾಹೇಬ್ರು ಯಾರು ಅನ್ನೂದು ಎಷ್ಟೋ ಸಲ ಗೊತ್ತ ಇರಂಗಿಲ್ಲ, ಬೀಟಿನಾಂವ ಗೊತ್ತಿರ್ತಾನ. ಅವಧಿ ಬೇಕಾಗಿದ್ದು ಮೊದಲ ಇವಂಗ.

ಹೊಸಾ ಬೀಟಿನ ಹುಡುಗ ಕೆಟ್ಟಾಂವ ಅಲ್ಲ, ಡಿಗ್ರಿ ಓದಿದಾಂವ, ಹುರುಪು ಐತಿ. ಬಂದ ಹೊಸದ್ರಾಗ ಬೈಕ್ ನಿಲ್ಲಿಸಿ ಓಣಿ ನಡು ನಿಂತು ‘ಇಲ್ಲಿ ಯಾರಿಗೆ ಬಡ್ಡಿಯವರ ಕಿರುಕುಳ ಐತಿ ಹೇಳ್ರಿ, ಹೆದರಬ್ಯಾಡ್ರಿ’ ಅಂತ ಜೋರಾಗಿ ಕೇಳಿದ. ಮಗ್ಗದ ಸಪ್ಪಳ ಅಷ್ಟ ಕೇಳಿಸ್ತು. ಆಕಿನೂ ಒಳಗಿಂದನ ‘ನಮಗೇನ್ ತ್ರಾಸಿಲ್ರಿ’ ಅಂದ್ಲು. ಅವಂಗ ಯಾರೂ ಹೇಳಿಕೊಟ್ಟಿದ್ದಿಲ್ಲ, ಹಳೇ ಹವಾಲ್ದಾರರು ಕಟ್ಟಿ ಮ್ಯಾಲೆ ಕುಂತು ಗಳಿಸಿದ್ದನ್ನ ಬರದು ಕೊಡಾಕ ಒಂದು ಕಾಲಮ್ಮೂ ಆ ಬೀಟ್ ಪುಸ್ತಕದಾಗ ಇಲ್ಲ.

2025ರ ಫೆಬ್ರವರಿನಾಗ ಸರಕಾರ ಸಾಲ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂತು, ಹತ್ತು ವರ್ಷದ ಮಟ ಜೈಲು, ಐದು ಲಕ್ಷದ ಮಟ ದಂಡ ಅಂತ. ಅದ ತಿಂಗಳ ಗದಗ-ಬೆಟಗೇರ್ಯಾಗ ಪೊಲೀಸ್ನೋರು ಬಡ್ಡಿಯವರ ಮನಿ ಮ್ಯಾಲೆ ದಾಳಿ ಮಾಡಿ ಕೋಟಿಗಟ್ಟಲೆ ರೊಕ್ಕಾ, ಬಾಂಡು, ಚೆಕ್ಕು ಹಿಡದ್ರು. ಊರೆಲ್ಲಾ ಅದ ಸುದ್ದಿ, ನನ್ನ ಅಂಗಡ್ಯಾಗ ಅರ್ಜಿ ಟೈಪ್ ಮಾಡಸವರ ಸಾಲ ಹಚ್ಚಿತ್ತು. ಆಕಿನೂ ಬಂದ್ಲು. ಬಂದು ಕೇಳಿದ್ದು, ‘ಅಣ್ಣಾ, ಆ ಹಳೇ ಹವಾಲ್ದಾರರು ಅದಾರೇನು ಸ್ಟೇಶನ್ನ್ಯಾಗ?’ ನಾನ ಫೋನ್ ಮಾಡಿದೆ. ಅವರಿಗೆ ಇದು ಬ್ಯಾರೆ ಬೀಟ್ ಆಗಿತ್ತು, ಹೊಸಾ ಹುಡುಗಂಗ ‘ನನ್ನ ಬೀಟಿನ್ಯಾಗ ಅವ್ರ್ಯಾಕ’ ಅನಿಸೂದು ಸಹಜ, ಸ್ವಲ್ಪ ಕಸಿವಿಸಿ ಆತು. ಕೊನಿಗೆ ಫೌಜದಾರರು ಶಾಣ್ಯಾತನ ಮಾಡಿದ್ರು, ಇಬ್ಬರನ್ನೂ ಕರದು, ಆಕಿ ಹೇಳಿಕೆ ಬರಸ್ಕೊಳ್ಳೂಮುಂದ ಹೊಸಾಂವ ಬರಿಯೂದು, ಹಳಬರು ಮಗ್ಗಲಕ ಕುಂದ್ರೂದು ಅಂತ ಮಾಡಿದ್ರು. ಆಕಿ ಎಲ್ಲಾ ಹೇಳಿದ್ಲು, ಚೆಕ್ ನಂಬರ್ ಸೈತ. ಇಷ್ಟ ವರ್ಷ ಬಾಯಾಗ ಇಟ್ಟುಕೊಂಡಿದ್ದನ್ನ. ಕೇಸ್ ನಡದೈತಿ, ಶನಿವಾರದ ಹುಡುಗ ಬರೂದು ನಿಂತೈತಿ.

ಬೀಟ್ ಅಂದ್ರ ಬರೇ ಬಡ್ಡಿ ಅಲ್ಲ, ನೀರಿನ ಜಗಳಾ ದಿನಾ ಇರೂದು. ನಮಗ ತುಂಗಭದ್ರಾ ನೀರು ನಳಕ್ಕ ಬರೂದ ವಾರಗಟ್ಟಲೆ ಕಾಯ್ದಮ್ಯಾಲೆ, ಬಂದ ದಿನ ಮೋಟರ್ ಹಚ್ಚಿ ಜಗ್ಗಿದ್ರು, ಕೊಡಾ ಒದ್ರು ಅಂತ ಬಾಯಿ ಮಾಡಿ 112ಕ್ಕ ಫೋನ್. ಗಾಡಿ ಬರ್ತೈತಿ, ಇಬ್ಬರಿಗೂ ಬೈದು ಹೋಗ್ತೈತಿ. ಸ್ಟೇಶನ್ನಿಗೆ ಹೋದ್ರ ಎನ್‌ಸಿ ಬರಕೊಂಡು ಕಳಸ್ತಾರ, ಮಂದಿ ನನ್ನ ಹತ್ರ ಬಂದು ‘ಪೊಲೀಸ್ನೋರು ಕೇಸ ತಗೊಳ್ಳಲಿಲ್ಲ’ ಅಂತ ಸಿಟ್ಟಾಗ್ತಾರ. ಎನ್‌ಸಿ ಅಂದ್ರ ಅಸಂಜ್ಞೇಯ, ಬರೇ ಬೈದಾಟದಂಥಾ ಸಣ್ಣ ಅಪರಾಧ, ಅಂಥಾದ್ದನ್ನ ಕೋರ್ಟಿನ ಅಪ್ಪಣೆ ಇಲ್ಲದ ತನಿಖೆ ಮಾಡಾಕ ಕಾನೂನಿನ್ಯಾಗ ಬರಂಗಿಲ್ಲ, 2024ರ ಜುಲೈಗೆ ಹೊಸಾ ಕಾನೂನು ಬಂದ್ರೂ ಅದು ಹಂಗ ಐತಿ. ಇದನ್ನ ಮಂದಿಗೆ ತಿಳಿಯೂಹಂಗ ಯಾರೂ ಹೇಳಂಗಿಲ್ಲ, ‘ಹೋಗ್ರಿ ಹೋಗ್ರಿ’ ಅಂದು ಕಳಸೂದ್ರಿಂದನ ನಂಬಿಕಿ ಹೋಗೂದು. ಜಗಳ ಬೆಳೀತು ಅಂದ್ರ ತಹಶೀಲ್ದಾರರ ಮುಂದ ನಿಲ್ಲಿಸಿ ಇನ್ನ ಜಗಳ ಮಾಡಂಗಿಲ್ಲ ಅಂತ ಮುಚ್ಚಳಿಕೆ ಬರಸ್ತಾರ, ಹಳಬರು ಹಳೇ ಕಾನೂನಿನ ಕಲಮಿನ ನಂಬರ್ ಹಿಡದು ಅದಕ್ಕ ಇನ್ನೂ ‘ನೂರಾಏಳು’ ಅಂತಾರ, ಹೊಸಾ ಕಾನೂನಿನ್ಯಾಗ ಅದು 126ನೇ ಕಲಮು. ಆದ್ರ ನೀರು ಬಿಡೂ ದಿನ ಮುಂಜಾನೆ ಬೀಟಿನಾಂವ ಆ ನಳದ ಹತ್ರ ಸುಮ್ನ ಒಂದು ಸುತ್ತು ಹಾಕಿದ್ರ ಮುಚ್ಚಳಿಕೆ ಮಟ ಹೋಗೂದ ಇಲ್ಲ. ಆಗದ ಜಗಳಕ್ಕ ಯಾವ ರಜಿಸ್ಟರಿನ್ಯಾಗೂ ನಂಬರ್ ಬೀಳಂಗಿಲ್ಲ, ಅದಕ್ಕ ಆ ಕೆಲಸ ಯಾರ ಕಣ್ಣಿಗೂ ಬೀಳಂಗಿಲ್ಲ.

ಮಂದಿ ಹೇಳಿದ್ದನ್ನ ಕೇಳದಿದ್ರ ಏನಾಗತೈತಿ ಅನ್ನೂದನ್ನ ಹುಬ್ಬಳ್ಳಿ ತೋರಿಸೇತಿ. 2024ರ ಏಪ್ರಿಲ್ಲಿನ್ಯಾಗ ಒಬ್ಬಾಕಿ, ಮೇನಾಗ ಒಬ್ಬಾಕಿ, ತಿಂಗಳ ಒಳಗ ಇಬ್ಬರು ಹುಡುಗ್ಯಾರ ಕೊಲಿ ಆತು. ಎರಡನೇ ಹುಡುಗಿ ಅಜ್ಜಿ ಮೊದಲ ಸ್ಟೇಶನ್ನಿಗೆ ಹೋಗಿ ಆ ಹುಡುಗ ಧಮಕಿ ಹಾಕಾಕತ್ತಾನ ಅಂತ ಹೇಳಿದ್ರೂ ಲಕ್ಷ್ಯ ಕೊಡಲಿಲ್ಲ ಅಂತ ಆಮ್ಯಾಲೆ ಅಧಿಕಾರಿಗಳನ್ನ ಅಮಾನತು ಮಾಡಿದ್ರು. ಆ ಸುದ್ದಿ ಓದಿದ ರಾತ್ರಿ ನನಗ ನಿದ್ದಿ ಬರಲಿಲ್ಲ. ಅಮಾನತು ಆದ್ರ ಆ ಅಜ್ಜಿಗೆ ಮೊಮ್ಮಗಳು ಬಂದಳೇನು? ಇಂಥಾ ಅಜ್ಜಿಗಳು ನನ್ನ ಕೌಂಟರಿಗೂ ಬರ್ತಾರ, ಅವರಿಗೆ ಕಾಯ್ದೆ ಮಾತು ಬರಂಗಿಲ್ಲ, ‘ಅಂವ ಚಲೋ ಇಲ್ರೀ’ ಅಷ್ಟ ಅಂತಾರ. ಯಾವ ಅಂವ, ಎಲ್ಲಿರ್ತಾನ, ಮೊದಲ ಏನ್ ಮಾಡ್ಯಾನ ಅನ್ನೂದು ಓಣಿ ಗೊತ್ತಿದ್ದ ಬೀಟಿನವಂಗ ಒಂದು ಮಾತಿನ್ಯಾಗ ತಿಳೀತೈತಿ, ನಿನ್ನೆ ಬಂದಾಂವಂಗ ಅದು ಬರೇ ಒಂದು ಮುದುಕಿ ತಕರಾರು.

ವಾಟ್ಸಾಪ್ ಗ್ರೂಪ್ ಬಗ್ಗೆ ಭಾಳ ಬರಿಯಂಗಿಲ್ಲ. ಶುಭೋದಯದ ಫೋಟೋ, ಹುಟ್ಟುಹಬ್ಬದ ವಿಶ್ ಇವ ತುಂಬಿರ್ತಾವ, ಆದ್ರ ಸುಳ್ಳು ಸುದ್ದಿ ಬಂದಾಗ ಅದರಷ್ಟು ಉಪಯೋಗ ಬ್ಯಾರೆ ಇಲ್ಲ. 2018ರ ಜುಲೈನಾಗ ಬೀದರ್ ಜಿಲ್ಲೆ ಮುರ್ಕ್ಯಾಗ ಮಕ್ಕಳ ಕಳ್ಳರು ಅನ್ನೂ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಒಬ್ಬ ಇಂಜಿನಿಯರ್‌ನ್ನ ಮಂದಿ ಹೊಡದು ಕೊಂದ್ರು. ನಮ್ಮ ಕಡೇನೂ ಅಂಥಾ ಮೆಸೇಜ್ ಈಗಲೂ ಬರ್ತಾವ, ಹವಾಲ್ದಾರರು ಗ್ರೂಪಿನ್ಯಾಗ ‘ಇದು ಸುಳ್ಳು, ನಾ ಅಲ್ಲೇ ಹೋಗಿ ನೋಡಿ ಬಂದೇನಿ’ ಅಂತ ವಾಯ್ಸ್ ಹಾಕಿದ್ರ ಅಲ್ಲಿಗೆ ನಿಂತು ಬಿಡತೈತಿ, ಯಾಕಂದ್ರ ಆ ದನಿ ಎಲ್ಲಾರಿಗೂ ಗುರ್ತು.

ಹಿಂಗಾಗಿ ಫೌಜದಾರರಿಗೆ ಒಂದು ಅರ್ಜಿ ಬರದು ಕೊಟ್ಟೇನಿ. ಹೆಣ್ಮಕ್ಕಳ ಬೀಟ್ ಸಭೆ ಬ್ಯಾರೆ ಮಾಡ್ರಿ, ಮಗ್ಗದ ಓಣ್ಯಾಗನ ಮಾಡ್ರಿ, ಮಹಿಳಾ ಪೊಲೀಸ್ ಬರಲಿ, ನೀರು ಬಿಡೂ ದಿನ ಇಡಬ್ಯಾಡ್ರಿ. ಬಡ್ಡಿ ವ್ಯವಹಾರದವರನ್ನ ಸಮಿತಿಯಿಂದ ತಗೀರಿ. ಬೀಟ್ ಬದಲಿ ಮಾಡೂದಾದ್ರ ಹಳಬರು ಹೊಸಬರನ್ನ ಒಂದು ತಿಂಗಳ ಜೋಡಿಗೆ ಕರಕೊಂಡು ಓಣಿ ತಿರುಗಲಿ, ಮತ್ತ ಎರಡು ವರ್ಷ ಆಗೂಮಟ ಬದಲಿ ಮಾಡಲೇಬ್ಯಾಡ್ರಿ. ಹೆಣ್ಮಕ್ಕಳ ಸಭೆಗೆ ಅವ್ರು ಹೂಂ ಅಂದಾರ, ಸಮಿತಿ ವಿಷಯ ನೋಡೂಣು ಅಂದಾರ, ಎರಡು ವರ್ಷದ ಮಾತು ಮ್ಯಾಲಿನವರ ಕೈಯಾಗ ಐತಿ ಅಂದ್ರು. ಅದಕ್ಕ ಎಸ್ಪಿ ಸಾಹೇಬ್ರಿಗೆ ಕೊಡೂ ಅರ್ಜಿ ಬ್ಯಾರೆ ಟೈಪ್ ಮಾಡೇನಿ, ಓಣಿ ಮಂದಿ ಸಹಿ ಹಾಕಾಕತ್ತಾರ, ಆ ಹೆಣ್ಮಗಳೂ ಹಾಕ್ಯಾಳ. ಬೆಟಗೇರಿ ಮಂದಿ ಯಾರರ ಇದನ್ನ ಓದಾಕತ್ತಿದ್ರ ಬಂದು ಸಹಿ ಹಾಕಿ ಹೋಗ್ರಿ, ಅಂಗಡಿ ರಾತ್ರಿ ಎಂಟರ ಮಟ ತಗದಿರ್ತೈತಿ.